ಕುಳಿತೇ ನಿದ್ದೆಹೋಗುತ್ತಿದ್ದ ನೀಲಮ್ಮ

ನೀಲಮ್ಮ ಹನ್ನೊಂದು ವರ್ಷ ಮಲಗಿರಲಿಲ್ಲ. ನಿದ್ದೆ ಮಾಡುತ್ತಿರಲಿಲ್ಲವೆಂದಲ್ಲ, ಮಲಗುತ್ತಿರಲಿಲ್ಲ. ಮಧ್ಯಾಹ್ನದ ಪಂಗ್ತಿಗಳು ಮುಗಿದು, ಖಾನಾವಳಿಯ ನೆಲ ತೊಳೆದು, ಬಾಗಿಲನ್ನು ಅರ್ಧ ಎಳೆದ ಮೇಲೆ ಆಕೆ ಒಳಗೋಡೆಗೆ ಬೆನ್ನು ಕೊಟ್ಟು, ಎರಡೂ ಅಂಗೈಗಳನ್ನು ಮೊಣಕಾಲ ಮೇಲಿಟ್ಟು, ಕುತ್ತಿಗೆ ನೆಟ್ಟಗಿರುವಂತೆಯೇ ನಿದ್ದೆಗಿಳಿಯುತ್ತಿದ್ದಳು. ಕಣ್ಣುಗಳು ಪೂರ್ತಿ ಮುಚ್ಚುತ್ತಿರಲಿಲ್ಲ. ತಡವಾಗಿ ಊಟಕ್ಕೆ ಬಂದವನು ಆ ಕಣ್ಣುಗಳನ್ನು ನೋಡಿ, ಎಚ್ಚರವಾಗಿದ್ದಾಳೆಂದು ತಿಳಿದು, ಎರಡು ರೊಟ್ಟಿ ಕೇಳಿ, ಉತ್ತರ ಬಾರದೆ, ಆಮೇಲೆ ನಿಧಾನವಾಗಿ ಹಿಂದೆ ಸರಿಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅಂಗಾತವಾದರೆ ಉಸಿರು ಕಟ್ಟುತ್ತದೆ ಎಂದು ಆಕೆ ಹೇಳುತ್ತಿದ್ದಳು. “ನನ್ನ ಮೈನೇ ನನ್ನ ಎದಿ ಮ್ಯಾಲ ಏರಿ ಕುಂಡರ್ತದ ಅಣ್ಣಾರ. ಬ್ಯಾರೆ ದೆವ್ವ ಯಾಕ ಬೇಕು?”

ಅದು ಎಪ್ಪತ್ತರ ದಶಕದ ಕೊನೆ. ಪುಣೆಯ ಭವಾನಿ ಪೇಠೆಯಲ್ಲಿ, ಬೆಲ್ಲದ ಅಂಗಡಿಗಳ ಹಿಂದಿನ ಓಣಿಯಲ್ಲಿ ಆಕೆಯ ಖಾನಾವಳಿ. ಎದುರಿನ ಬೆಲ್ಲದ ಮಂಡಿಯಲ್ಲಿ ನಾನು ತೂಕದವನು, ಅಲ್ಲಿಯ ಮಾತಿನಲ್ಲಿ ತೋಲಾರ. ಇಬ್ಬರೂ ಆಳಂದದ ಕಡೆಯವರು. ಗಂಡ ತೀರಿದ ಮೇಲೆ ಆಕೆ ಅಕ್ಕನ ಮಗಳು ಕಾಶೀಬಾಯಿಯೊಂದಿಗೆ ಊರು ಬಿಟ್ಟು ಬಂದು, ಕಟ್ಟಡದ ಕೆಲಸಕ್ಕೂ ಕಾರ್ಖಾನೆಗೂ ಬಂದಿದ್ದ ನಮ್ಮ ಕಡೆಯವರಿಗೆಲ್ಲ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನೂರು ಜನರ ಸಾರಿಗೆ ಉಪ್ಪನ್ನು ಮುಷ್ಟಿಯಲ್ಲಿ ಹಿಡಿದು ಹಾಕುತ್ತಿದ್ದಳು, ಎಂದೂ ರುಚಿ ನೋಡುತ್ತಿರಲಿಲ್ಲ. ಆ ಕೈಯ ಅಂದಾಜು ತಪ್ಪಿದ್ದು ನನಗೆ ನೆನಪಿಲ್ಲ.

ಆಕೆಯ ವಿಷಯದಲ್ಲಿ ಓಣಿಯವರು ಹೇಳುವ ಕತೆಯೊಂದಿದೆ, ಆಸ್ಪತ್ರೆಯವರದು ಇನ್ನೊಂದು. ನಾನು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಶಾಲೆ ಕಂಡವನು. ಮುಂದಿನದನ್ನು ಪೇಠೆಯ ವಾಚನಾಲಯದಲ್ಲಿ ಕುಳಿತು ಸ್ವಂತವಾಗಿ ಓದಿಕೊಂಡೆ. ಯಾರೋ ಹೇಳಿದರೆಂದು ನಂಬುವ ಅಭ್ಯಾಸ ನನಗಿಲ್ಲ. ಎರಡೂ ಕತೆಗಳಲ್ಲಿ ತೂಕ ಸರಿಹೋಗುವುದಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಹೊರದೇಶದಲ್ಲಿ ಕಲಿತು ಬಂದ ಶಸ್ತ್ರವೈದ್ಯರೊಬ್ಬರು ಕರುಳನ್ನು ಗಿಡ್ಡ ಮಾಡಿ ಮೈ ಇಳಿಸುತ್ತಾರೆಂಬ ಸುದ್ದಿಯನ್ನು ಆಕೆಗೆ ಯಾರು ತಂದರೋ ತಿಳಿಯದು. ನಡುವಿನ ಬಹುಭಾಗವನ್ನು ಬದಿಗಿಟ್ಟು ಮೊದಲ ತುದಿಯನ್ನು ಕೊನೆಯ ತುದಿಗೆ ಹೊಲಿಯುವುದು. ಉಂಡದ್ದು ಮೈಗೆ ಹತ್ತದೆ ಸಾಗಿಹೋಗುವುದು. ಆಗ ಅದು ಹೊಸತು. ನಾನು ಬೇಡವೆಂದೆ. “ತೆಳ್ಳಗ ಕಾಣಬೇಕಂತ ಅಲ್ರೀ,” ಎಂದಳು. “ಒಂದ ಸಲ ಬೆನ್ನು ನೆಲಕ್ಕ ಹಚ್ಚಬೇಕು. ಬ್ಯಾರೇನೂ ಬೇಡೂದಿಲ್ಲ ನಾ.”

ಆಸ್ಪತ್ರೆಯ ತಕ್ಕಡಿಯ ಅಂಕೆಗಳು ಆಕೆಯ ತೂಕದವರೆಗೆ ಏರುತ್ತಿರಲಿಲ್ಲ. ಮೂಟೆ ತೂಗುವ ನಮ್ಮ ಕಾಟಾದ ಮೇಲೆ ತೂಗಿ ಬರೆಸಿಕೊಂಡು ಬನ್ನಿರೆಂದು ವೈದ್ಯರು ಒಂದು ಕಾರ್ಡು ಕೊಟ್ಟರು. ಹೀಗೆ ಆ ಕೆಲಸ ನನ್ನ ಪಾಲಿಗೆ ಬಂತು. ಆಕೆ ಕಾಟಾದ ಹಲಗೆ ಏರಿದ ದಿನ ಹಮಾಲರೆಲ್ಲ ಮೂಟೆ ಇಳಿಸಿ ನೋಡಲು ನಿಂತರು. ದತ್ತೂ ಎಂಬ ಮರಾಠಿ ಹಮಾಲ, ಎರಡು ಮೂಟೆಯನ್ನು ಒಮ್ಮೆಗೇ ಹೊರುವವನು, ಚಿಕ್ಕಮ್ಮಾ ಕಾಟಾ ಮುರಿಯಬೇಡ ಎಂದು ತನ್ನ ಮಾತಿನಲ್ಲಿ ಕೂಗಿದ: “ಮಾವಶೀ, ಕಾಟಾ ಮೋಡೂ ನಕಾ!”

“ಮುರಿದರ ನಿನ್ನ ಬೆನ್ನ ಮ್ಯಾಲ ನಿಲ್ತೀನಿ ಬಾರೋ ಖೋಡಿ,” ಎಂದು ಆಕೆ ನಕ್ಕಳು. ಆಮೇಲೆ ನನ್ನತ್ತ ತಿರುಗಿ, “ಬಾರದಾನ ಕಳೀರಿ ಅಣ್ಣಾರ. ಮೂಟಿಗಾದ್ರ ಚೀಲದ ತೂಕ ಕಳೀತೀರಿ, ನನಗ ಸೀರಿ ತೂಕ ಕಳಿಯಾಕ ಏನ ಧಾಡಿ?”

ಒಂದು ಕ್ವಿಂಟಲ್ ಮೂವತ್ತೆಂಟು ಕಿಲೋ. ಸೀರೆಯದನ್ನು ಕಳೆದೇ ಬರೆದೆ.

ಶಸ್ತ್ರಕ್ರಿಯೆಯ ನಂತರ ಮೈ ಇಳಿಯಿತು. ಪ್ರತಿ ಅಮಾವಾಸ್ಯೆಯ ಮರುದಿನ ಆಕೆ ಬರುವಳು. ನಾನು ತೂಗಿ ಬರೆಯುವೆ. ಖಾನಾವಳಿ ಬಿಟ್ಟು ನೀಲಮ್ಮ ಹೋಗುತ್ತಿರಲಿಲ್ಲವಾದ್ದರಿಂದ ಕಾಶೀಬಾಯಿ ಕಾರ್ಡನ್ನು ಆಸ್ಪತ್ರೆಗೆ ಒಯ್ದು ಔಷಧ ತರುವಳು. ಒಂದು ನೂರ ಹತ್ತು, ತೊಂಬತ್ತು, ಎಪ್ಪತ್ನಾಲ್ಕು. ಐದನೆಯ ತಿಂಗಳ ಒಂದು ಮಧ್ಯಾಹ್ನ ಕಾಶೀಬಾಯಿ ನನ್ನನ್ನು ಕೈಹಿಡಿದು ಎಳೆದುಕೊಂಡು ಹೋಗಿ ತೋರಿಸಿದಳು. ನೀಲಮ್ಮ ಖಾನಾವಳಿಯ ನೆಲದ ಮೇಲೆ ಅಂಗಾತ ಮಲಗಿದ್ದಳು, ಕಣ್ಣು ಪೂರ್ತಿ ಮುಚ್ಚಿ, ಬಾಯಿ ಚೂರು ತೆರೆದು, ತೋಳುಗಳನ್ನು ಅಗಲಕ್ಕೆ ಚಾಚಿ. ಎದ್ದಾಗ ಮೇಲಿನ ಸೂರಿನತ್ತ ಕೈ ತೋರಿಸಿ ಆಕೆ ಹೇಳಿದ್ದು ಒಂದೇ ಮಾತು: “ಮಾಳಗಿ ನೋಡಿದೆ ಅಣ್ಣಾರ. ಏಸು ವರ್ಷದ ಮ್ಯಾಲ ಮಾಳಗಿ ನೋಡಿದೆ.”

ಆದರೆ ಆ ಮೈಯಿಂದ ಹೋದದ್ದು ಪೂರ್ತಿ ಹೋದಂತೆ ಕಾಣುತ್ತಿರಲಿಲ್ಲ. ಆಕೆ ಬಾಗಿಲುಗಳನ್ನು ಈಗಲೂ ಅಡ್ಡಲಾಗಿಯೇ ದಾಟುತ್ತಿದ್ದಳು. ಬೆಂಚಿನ ಮೇಲೆ ಆಕೆ ಕುಳಿತರೆ ಎರಡೂ ಪಕ್ಕದಲ್ಲಿ ಒಂದೊಂದು ಮೊಳ ಜಾಗ ಖಾಲಿ ಉಳಿಯುತ್ತಿತ್ತು; ನೂಕುನುಗ್ಗಲಿನ ಹೊತ್ತಿನಲ್ಲೂ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಯಾಕೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಹೊಸಬನೊಬ್ಬ ಕುಳಿತು, ಎರಡು ತುತ್ತು ಉಂಡು, ತಟ್ಟೆ ಎತ್ತಿಕೊಂಡು ಎದ್ದುಹೋದ. ಮುಸ್ಸಂಜೆ ಆಕೆಗೆ ಕಣ್ಣು ಮಂಜಾಗತೊಡಗಿತ್ತು. ಜೀವಸತ್ವದ ಕೊರತೆ ಎಂದು ವೈದ್ಯರು ಹೇಳಿ ಕಳಿಸಿದರು. ಆ ಹೊತ್ತಿನಲ್ಲಿ, ತಾನು ಹಿಂದೆ ಒರಗಿ ನಿದ್ರಿಸುತ್ತಿದ್ದ ಗೋಡೆಯ ಕಡೆಗೆ ಮುಖ ಮಾಡಿ, “ಸರಿ, ಚೂರು ಆಕಡಿ ಸರಿ,” ಎಂದು ಆಕೆ ಮೆಲ್ಲಗೆ ಹೇಳುವುದನ್ನು ಕಾಶೀಬಾಯಿ ಕೇಳಿದ್ದಳು. ನಾನೂ ಒಮ್ಮೆ ಕೇಳಿದೆ.

“ಅರ್ಧ ಹೆಂಗಸು ಹೋಗ್ಯಾಳ ನನ್ನ ಮೈಯಾಗಿಂದ,” ಎಂದು ಒಂದು ದಿನ ಆಕೆ ಕೇಳಿದಳು. “ನೀವು ತೋಲಾರ. ಒಂದು ಮೂಟ್ಯಾಗ ಕಮ್ಮಿ ಆದ್ರ ಇನ್ನೊಂದರಾಗ ಇರಬೇಕಲ್ಲ? ಆಕಿ ಎಲ್ಲಿ ಕುಂತಾಳ?”

ಕರಗಿಹೋಗಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ತೂಕ ಕರಗುವುದಿಲ್ಲ, ಸ್ಥಳ ಬದಲಿಸುತ್ತದೆ; ನನ್ನ ವೃತ್ತಿ ನನಗೆ ಕಲಿಸಿದ್ದು ಅಷ್ಟೇ. ವಾಚನಾಲಯದ ಹಳೆಯ ರಸಾಯನಶಾಸ್ತ್ರದ ಪುಸ್ತಕವನ್ನು ಮೂರು ವಾರ ಓದಿ, ಕೊಬ್ಬು ಸುಟ್ಟರೆ ಬಹುಪಾಲು ಉಸಿರಾಗಿ ಹೊರಬೀಳಬೇಕೆಂದು ತಿಳಿದುಕೊಂಡು ಆಕೆಗೆ ಹೇಳಿದೆ. ಆಕೆ ರೊಟ್ಟಿಯ ಹಿಟ್ಟಿನಿಂದ ಕೈ ತೆಗೆದಳು.

“ಉಸಿರಾಗಿ? ಈ ಖೋಲ್ಯಾಗ?”

“ಹೆಚ್ಚೂಕಡಿಮಿ ಇಲ್ಲೇ.”

“ಹಂಗಾರ ನೀವೆಲ್ಲಾ ಆಕೀನ ಒಳಗ ಎಳಕೊಂಡೀರಿ,” ಎಂದು ಉಣ್ಣುತ್ತಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. “ಹ್ಯಾಂಗಿದ್ದಳು? ಉಪ್ಪು ಸರಿ ಇತ್ತೇನು?” ಎಲ್ಲರೂ ನಕ್ಕರು. ಆದರೆ ಆ ಪಂಗ್ತಿಯಲ್ಲಿ ಎರಡನೆಯ ಸಲ ಅನ್ನ ಯಾರೂ ಹಾಕಿಸಿಕೊಳ್ಳಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಐವತ್ತೆರಡಕ್ಕೆ ಬಂದಿತ್ತು. ಮೈ ಇಳಿಯುವುದು ನಿಲ್ಲದಿದ್ದರೆ ಜೀವಕ್ಕೆ ಅಪಾಯ, ಐವತ್ತಕ್ಕಿಂತ ಕೆಳಗಾದರೆ ಹೊಟ್ಟೆ ಮತ್ತೆ ತೆರೆದು ಕರುಳನ್ನು ಮೊದಲಿನಂತೆ ಜೋಡಿಸಲೇಬೇಕು ಎಂದು ವೈದ್ಯರು ಹೇಳಿ ಕಳಿಸಿದರು. ಜೋಡಿಸಿದರೆ ಹಳೆಯ ಮೈ ತಿರುಗಿ ಬರುತ್ತದೆಯೇ ಎಂದು ನೀಲಮ್ಮ ಕೇಳಿಸಿದ್ದಳು. ಬರಬಹುದು ಎಂಬ ಉತ್ತರ ಬಂತು.

ಮುಂದಿನ ತಿಂಗಳು ಐವತ್ತೆರಡು. ಅದರ ಮುಂದಿನ ತಿಂಗಳೂ ಐವತ್ತೆರಡು. ಒಟ್ಟು ಆರು ತಿಂಗಳು ಐವತ್ತೆರಡೇ. ನನಗೆ ನಿರಾಳವಾಯಿತು. ಆದರೆ ಓಣಿಯವರು ಬೇರೆಯೇ ಹೇಳುತ್ತಿದ್ದರು. ಕೆನ್ನೆಯ ಮೂಳೆ ಎದ್ದಿದೆ, ಕೂದಲು ಮುಷ್ಟಿ ಮುಷ್ಟಿ ಬರುತ್ತಿದೆ, ಬಳೆ ಮೊಣಕೈ ದಾಟುತ್ತಿದೆ, ನಿಮಗೆ ಕಾಣುವುದಿಲ್ಲವೇ? ಕಣ್ಣಿಗೆ ಮೋಸ ಆಗುತ್ತದೆ, ಕಾಟಾಕ್ಕೆ ಆಗುವುದಿಲ್ಲ ಎಂದು ನಾನು ವಾದಿಸುತ್ತಿದ್ದೆ. ಮಂಡಿಯ ಬಾಗಿಲಲ್ಲಿ ಹೂ ಮಾರುತ್ತಿದ್ದ ಮುದುಕಿಯೊಬ್ಬಳು ನನ್ನ ವಾದ ಕೇಳಿ ಹೇಳಿದಳು: “ಕಾಟಾ ಖರೇನೇ ಹೇಳ್ತದ್ರೀ. ಅದರ ಮ್ಯಾಲ ಇಬ್ಬರು ನಿಲ್ತಾರ. ನಿಮಗ ಒಬ್ಬಾಕಿ ಕಾಣ್ತಾಳ.”

ನಾನು ಆಕೆಯನ್ನು ಬೈದೆ. ಆದರೆ ಏಳನೆಯ ತಿಂಗಳು ನೀಲಮ್ಮ ಹಲಗೆಯ ಮೇಲೆ ನಿಂತಾಗ ಅಂಕೆಯನ್ನು ಬಿಟ್ಟು ಮೊದಲ ಬಾರಿಗೆ ಆಕೆಯ ಪಾದಗಳನ್ನು ನೋಡಿದೆ. ಎರಡೇ ಪಾದ. ಅವುಗಳ ನಡುವೆ, ಕಪ್ಪು ಹಲಗೆಯ ಮೇಲೆ, ಬಿಳಿಯದೇನೋ ಒಂದೊಂದೇ ಹರಳಾಗಿ ಉದುರುತ್ತಿತ್ತು. ಬೆರಳಿಗೆ ಒತ್ತಿಕೊಂಡು ನಾಲಗೆಗೆ ಹಚ್ಚಿದೆ. ಉಪ್ಪು.

ಹಮಾಲರನ್ನು ಹೊರಗೆ ಕಳಿಸಿದೆ. ಆಕೆ ಒಳಬದಿಗೆ ತಿರುಗಿ, ಸೀರೆಯೊಳಗೆ ಸೊಂಟಕ್ಕೆ ಸುತ್ತಿದ್ದ, ಹಳೆ ಸೀರೆಯಿಂದ ಹೊಲಿದ ಉದ್ದನೆಯ ಚೀಲವನ್ನು ಬಿಚ್ಚಿ ನನ್ನ ಮುಂದೆ ಇಟ್ಟಳು. ಒಂಬತ್ತು ಕಿಲೋ. ತಿಂಗಳು ತಿಂಗಳು ಮೈಯಿಂದ ಎಷ್ಟು ಹೋಯಿತೋ ಅಷ್ಟನ್ನೇ ಮುಷ್ಟಿಯ ಅಂದಾಜಿನಿಂದ ತುಂಬಿಕೊಂಡು ಬಂದಿದ್ದಳು. ಒಂದು ಸಲವೂ ಮುಳ್ಳು ಅತ್ತಿತ್ತ ಆಗಲಿಲ್ಲ. ಮೂಟೆಯಲ್ಲಿ ಕಲ್ಲು ಸೇರಿಸಿ ತರುವವರನ್ನು ಮಾರು ದೂರದಿಂದಲೇ ಹಿಡಿಯುತ್ತಿದ್ದ ನಾನು, ಒಬ್ಬ ಹೆಂಗಸಿನ ಬಾರದಾನವನ್ನು ಕಳೆಯಲು ಮರೆತಿದ್ದೆ. ಆಸ್ಪತ್ರೆ ಓದುತ್ತಿದ್ದ ಸುಳ್ಳು ನನ್ನ ಕೈಬರಹದಲ್ಲಿತ್ತು.

“ಐವತ್ತೆರಡು ಬರೀರಿ ಅಣ್ಣಾರ.”

“ನಲವತ್ಮೂರು ಬರೀತೀನಿ.”

“ಕರುಳು ಜೋಡಿಸಿದ್ರ ಮತ್ತ ಗ್ವಾಡಿಗೆ ಆತು ಕುಂಡ್ರಬೇಕು ನಾ.”

“ಜೋಡಿಸಲಿಲ್ಲಂದ್ರ ಸಾಯ್ತಿ.”

“ಸತ್ತರೂ ಕುಂಡ್ರಸ್ತೀರಿ,” ಎಂದಳು ಆಕೆ. ಧ್ವನಿ ಏರಿರಲಿಲ್ಲ. “ನಮ್ಮ ಮಂದಿ ಹೆಣಾನೂ ಮಲಗಗೊಡಂಗಿಲ್ಲ. ಇದ್ದಾಗ ಹನ್ನೊಂದು ವರ್ಷ ಕುಂತೆ. ಹೋದ ಮ್ಯಾಲ ಕುಣ್ಯಾಗ ಕುಂಡ್ರಬೇಕು. ನಡುವ ಏಸು ದಿನ ಅಂಗಾತ ಬಿದ್ದೀನೋ ಅಷ್ಟ ನಂದು. ಅದನ್ನ ಅಳೀಬ್ಯಾಡ್ರಿ.”

ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಪದ್ಮಾಸನದಲ್ಲಿ ಕುಳ್ಳಿರಿಸಿ ಮಣ್ಣು ಮಾಡುವುದು ರೂಢಿ. ಹುಟ್ಟಿನಿಂದ ಕಂಡ ಈ ರೂಢಿಗೆ ಹೆದರುವವರು ಇರಬಹುದೆಂದು ನನಗೆ ಅದುವರೆಗೆ ಹೊಳೆದಿರಲಿಲ್ಲ. ಲೇಖಣಿಯನ್ನು ಅದ್ದಿ ನಲವತ್ಮೂರು ಎಂದು ಬರೆದೆ. ಆಕೆಗೆ ಓದಲು ಬರುತ್ತಿರಲಿಲ್ಲ. ಆದರೂ ನನ್ನ ಕೈ ಓಡಿದ ರೀತಿಯನ್ನು ನೋಡಿಯೇ ತಿಳಿದುಕೊಂಡಳು. ಉಪ್ಪಿನ ಚೀಲವನ್ನು ಎತ್ತಿಕೊಂಡು, ಮಂಡಿಯ ಅಷ್ಟಗಲ ಬಾಗಿಲನ್ನು ಅಡ್ಡಲಾಗಿ ದಾಟಿ ಹೋದಳು. ನನ್ನೊಂದಿಗೆ ಆಕೆ ಮತ್ತೆ ಮಾತನಾಡಲಿಲ್ಲ.

ಕಾಶೀಬಾಯಿ ಒಯ್ದ ಆ ಕಾರ್ಡನ್ನು ನೋಡಿ ವೈದ್ಯರು ಆಕೆಯನ್ನು ಕರೆಸಿಕೊಂಡು ಮರುವಾರವೇ ಕರುಳು ಜೋಡಿಸಿದರು. ಹನ್ನೆರಡನೆಯ ದಿನ ನೀಲಮ್ಮ ಆಸ್ಪತ್ರೆಯಲ್ಲೇ ತೀರಿಕೊಂಡಳು. ತಡವಾಗಿ ಬಂದರು ಎಂಬುದು ಆಸ್ಪತ್ರೆಯವರ ಕತೆ. ಹೊರಗೆ ಉಳಿದಿದ್ದ ಆಕೆಯ ಇನ್ನೊಂದು ಮೈ ಸಿಟ್ಟಿಗೆದ್ದು ಕರೆದೊಯ್ದಿತು ಎಂಬುದು ಓಣಿಯ ಕತೆ. ಇವರಿಬ್ಬರ ಲೆಕ್ಕದಲ್ಲೂ ನನ್ನ ಕೈಯಿಂದ ಆರು ಸಲ ಬಿದ್ದ ಐವತ್ತೆರಡು ಇಲ್ಲ. ಅದನ್ನು ನಾನು ಸೇರಿಸುತ್ತೇನೆ.

ಕಾಗದಪತ್ರ ಮುಗಿದು ದೇಹ ನಮ್ಮ ಕೈಗೆ ಸಿಕ್ಕುವಾಗ ಒಂದೂವರೆ ದಿನ ಕಳೆದಿತ್ತು. ರುದ್ರಭೂಮಿಯಲ್ಲಿ ಕುಣಿ ಸಿದ್ಧವಾಗಿತ್ತು. ಕುಳಿತ ಮೈಯ ಅಳತೆಯದು, ಆಳ ಹೆಚ್ಚು, ಉದ್ದ ಕಡಿಮೆ. ದೇಹ ಮರದಂತೆ ಸೆಟೆದಿತ್ತು. ಅಯ್ಯನವರು ಬಿಸಿನೀರು ಸುರಿಸಿ, ಮಂತ್ರ ಹೇಳುತ್ತ, “ಮಣಸ್ರಿ, ಹಗುರಕ ಮಣಸ್ರಿ,” ಎಂದರು. ಕಾಶೀಬಾಯಿಯ ಗಂಡ ಮತ್ತು ಇನ್ನೊಬ್ಬ ನಂಟ ಭುಜಗಳನ್ನು ಹಿಡಿದರು. ಬಲ ಮೊಣಕಾಲಿಗೆ ದತ್ತೂ. ಮಾವಶಿಯ ಅನ್ನ ಉಂಡಿದ್ದೇನೆಂದು ತಾನಾಗಿ ಬಂದಿದ್ದ. ಎಡ ಮೊಣಕಾಲಿಗೆ ನಾನು.

ಸೆಟೆದ ಮೈ ಒಂದು ಅವಧಿಯ ನಂತರ ತಾನಾಗಿ ಸಡಿಲಗೊಳ್ಳುತ್ತದೆಂದು ನಾನು ಓದಿದ್ದೆ. ಅದು ನಿಜ. ಬಿಸಿನೀರು ಬಿದ್ದ ಸ್ವಲ್ಪ ಹೊತ್ತಿಗೆ ನನ್ನ ಅಂಗೈ ಕೆಳಗೆ ಎಡ ಮೊಣಕಾಲು ಸಡಿಲವಾಯಿತು. ಒಂದು ಬೆರಳು ಒತ್ತಿದರೆ ಮಡಿಯುತ್ತಿತ್ತು. ನಾನು ಕೈಯ ಭಾರವನ್ನೆಲ್ಲ ತೆಗೆದು, ಒತ್ತುವವನ ಹಾಗೆ ಹಲ್ಲು ಕಚ್ಚಿ, “ಆಗೂದಿಲ್ರೀ ಅಯ್ಯಾರ,” ಎಂದೆ. ಇಷ್ಟು ದಿನಗಳಲ್ಲಿ ನಾನು ತಿಳಿದೂ ತಿಳಿದು ಆಡಿದ ಸುಳ್ಳು ಅದೊಂದೇ. ಅಯ್ಯನವರು ಇನ್ನೊಂದು ತಂಬಿಗೆ ಬಿಸಿನೀರು ಸುರಿಸಿ ನೋಡಿದರು. ಆಮೇಲೆ ಕುಣಿಯನ್ನು ಮೂರು ಮೊಳ ಉದ್ದ ತೆಗೆಯಲು ಹೇಳಿದರು. ನೀಲಮ್ಮನನ್ನು ಅಂಗಾತ ಮಲಗಿಸಿ ಮಣ್ಣು ಕೊಟ್ಟೆವು.

ಸತ್ತ ಮೇಲೂ ಹಟ ಬಿಡದೆ ಕೂರಲು ಒಪ್ಪದ ಹೆಂಗಸು ಎಂದು ಪೇಠೆಯಲ್ಲಿ ಈಗಲೂ ಹೇಳುತ್ತಾರೆ. ಆ ಮಾತಿನ ಅರ್ಧವನ್ನು ನಾನು ಇಲ್ಲಿ ಸುಳ್ಳು ಮಾಡಿದ್ದೇನೆ. ಉಳಿದರ್ಧ ನನ್ನ ಕೈಗೆ ಸಿಗುತ್ತಿಲ್ಲ. ಮರಳುವ ದಾರಿಯಲ್ಲಿ ದತ್ತೂ ತನ್ನ ಎರಡೂ ಅಂಗೈಗಳನ್ನು ನನ್ನ ಮುಂದೆ ಹಿಡಿದ, ಕೆಂಪಾಗಿ ಬಾತಿದ್ದವು. “ಕಾಕಾ,” ಎಂದ, ನಮ್ಮವರಿಂದ ಕಲಿತ ಕನ್ನಡದಲ್ಲಿ, “ನಾನು ಪೂರ್ತಿ ಜೋರು ಹಾಕಿದೆ. ಮೂಟಿ ಎತ್ತೂವಷ್ಟು ಹಾಕಿದೆ.” ಅವನು ಸುಳ್ಳು ಹೇಳುವವನಲ್ಲ. ಎಡ ಮೊಣಕಾಲನ್ನು ಒತ್ತದೆ ಬಿಟ್ಟವನು ನಾನು. ಬಲ ಮೊಣಕಾಲು ಯಾಕೆ ಮಣಿಯಲಿಲ್ಲವೋ, ನನಗೆ ಗೊತ್ತಿಲ್ಲ.