ರೇಡಿಯೇಟರಿಗೆ ಬಿದ್ದ ಅರಿಶಿನ

ಹೋದ ವಾರ ನೆಗಡಿಯಾಗಿ ಮೂಗು ಕಟ್ಟಿದಾಗ ನನ್ನ ಹೆಂಡತಿ ಕುದಿಯುವ ನೀರಿಗೆ ಒಂದು ಚಮಚ ಅರಿಶಿನ ಹಾಕಿ, ಪಾತ್ರೆಯನ್ನು ಮುಂದಿಟ್ಟು, ತಲೆಯ ಮೇಲೆ ಚಾದರ ಹೊದಿಸಿದಳು. ಅರಿಶಿನದ ಹಬೆ ಮೂಗಿಗೆ ಬಡಿದರೆ ನಿಮಗೆ ಏನು ನೆನಪಾಗುತ್ತದೋ ಕಾಣೆ. ಮದುವೆಮನೆಯೋ, ಬಾಣಂತಿಯ ಕೋಣೆಯೋ ಇರಬೇಕು. ನನಗೆ ನೆನಪಾಗುವುದು ಮೋಟೆಬೆನ್ನೂರಿನ ಆಚೆ ಹೆದ್ದಾರಿಯ ಪಕ್ಕದಲ್ಲಿ ಬಾನೆಟ್ ತೆರೆದುಕೊಂಡು ನಿಂತ ನನ್ನ ಹಳೆಯ ಕಾರು. ಚಾದರದೊಳಗೆ ನಾನೊಬ್ಬನೇ ನಗತೊಡಗಿದ್ದನ್ನು ಕೇಳಿ, ಜ್ವರ ನೆತ್ತಿಗೇರಿತೆಂದು ಹೆಂಡತಿ ಗಾಬರಿಯಾದಳು.

ಹೆದ್ದಾರಿಯನ್ನು ಅಗಲ ಮಾಡುತ್ತಿದ್ದ ವರ್ಷಗಳವು. ನಾನು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ಹಾವೇರಿಯ ಡಾಕ್ಟರೊಬ್ಬರಿಂದ ಆ ಬಿಳಿ ಕಾರನ್ನು ಕೊಂಡುಕೊಂಡಿದ್ದೆ. ಮಾರುವಾಗ ಅವರು ಅದರ ಬಗ್ಗೆ ಮಾತಾಡಿದ ರೀತಿ ರೋಗಿಯ ಮನೆಯವರಿಗೆ ಧೈರ್ಯ ಹೇಳಿದಂತಿತ್ತು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಪುಸ್ತಕ ನಂಬಿ ಬದುಕಿದ ಮನುಷ್ಯ ನಾನು. ದಾರಿಯಲ್ಲಿ ಕಾರು ಕೆಟ್ಟರೆ ಏನು ಮಾಡಬೇಕೆಂದು ತಿಳಿಸುವ ಒಂದು ತೆಳು ಪುಸ್ತಕವನ್ನು ಬಸ್‌ಸ್ಟ್ಯಾಂಡಿನಲ್ಲಿ ಕೊಂಡು, ಹಳಗನ್ನಡ ಪದ್ಯಗಳ ಹಾಗೆ ಬಾಯಿಪಾಠ ಮಾಡಿದ್ದೆ. ಬಾನೆಟ್ ಎತ್ತಿದ ಮೇಲೆ ಯಾವುದು ಯಾವುದು ಎಂದು ಗುರುತು ಹಿಡಿಯುವುದೊಂದೇ ಬಾಕಿ ಇತ್ತು.

ನನ್ನ ಸೋದರತ್ತೆ ಶಾಂತವ್ವನದು ಬ್ಯಾಡಗಿಯಲ್ಲಿ ಖಾರ ಕುಟ್ಟುವ ಗಿರಣಿ. ಗಂಡ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಒಬ್ಬಳೇ ನಡೆಸಿದಳು. ಊರಿಗೆ ಹೊಸದಾಗಿ ಬಂದವರು ಆ ಗಿರಣಿಯ ಮುಂದೆ ಹಾಯ್ದರೆ ಸೀನಿ ಸೀನಿ ಸುಸ್ತಾಗುತ್ತಿದ್ದರು. ಅತ್ತೆ ಅದರೊಳಗೆ ಕೂತು ಆರಾಮವಾಗಿ ಚಹಾ ಕುಡಿಯುತ್ತಿದ್ದಳು. ಮೋಟಾರಿನ ಸಪ್ಪಳ ಒಂದು ಎಳೆ ಬದಲಾದರೂ ಎದ್ದು ಹೋಗಿ ಬೆಲ್ಟು ಮುಟ್ಟಿ ನೋಡುವಳು. ಮನುಷ್ಯರ ವಿಷಯದಲ್ಲಿ ಮಾತ್ರ ಅಷ್ಟು ತಾಳ್ಮೆ ಇರಲಿಲ್ಲ. ಹಾವೇರಿಯಲ್ಲಿ ಕೆಲಸಕ್ಕಿದ್ದ ಅವಳ ಒಬ್ಬಳೇ ಮಗಳು ರೇಖಾ, ಅಲ್ಲಿಯ ಲ್ಯಾಬಿನಲ್ಲಿ ರಕ್ತ ತಪಾಸಣೆ ಮಾಡುವ ಪ್ರಕಾಶ ಎಂಬ ಬೇರೆ ಜಾತಿಯ ಹುಡುಗನನ್ನು ಮದುವೆಯಾಗುತ್ತೇನೆಂದಾಗ ಎರಡು ವರ್ಷ ಮಾತು ಬಿಟ್ಟಳು.

ಕೊನೆಗೆ ರೇಖಾ, ಪ್ರಕಾಶ ಇಬ್ಬರೂ ರಿಜಿಸ್ಟರ್ ಮದುವೆಗೆ ಅರ್ಜಿ ಹಾಕಿದರು. ಮೂರು ಸಾಕ್ಷಿಗಳು ಬೇಕು. ಇಬ್ಬರು ಗೆಳೆಯರು ಸಿದ್ಧರಿದ್ದರು. ಮೂರನೆಯ ಸಹಿ ಅವ್ವನದೇ ಆಗಬೇಕೆಂದು ರೇಖಾಳ ಹಟ. ಒಪ್ಪಿಸುವ ಕೆಲಸ ನನ್ನ ತಲೆಗೆ ಬಂತು. ನಾಲ್ಕು ಭಾನುವಾರ ಬ್ಯಾಡಗಿಗೆ ಓಡಾಡಿದ ಮೇಲೆ ಅತ್ತೆ ಅಂದಳು: "ಸಹಿ ಹಾಕ್ತೇನಿ, ಹೊಳ್ಳಿ ಬರ್ತೇನಿ. ಅಲ್ಲಿ ಒಂದ ಗುಟುಕು ನೀರೂ ಕುಡಿಯಂಗಿಲ್ಲ. ಮತ್ತ ದಾರ್ಯಾಗ ಏನರ ಅಡ್ಡಿ ಬಂತಂದ್ರ, ದೇವರಿಗೆ ಮನಸ್ಸಿಲ್ಲಂತ ತಿಳಕೊಂಡು ಅಲ್ಲಿಂದನ ಹೊಳ್ಳೂದು."

ಅಡ್ಡಿ ಬಾರದ ಹಾಗೆ ಕರೆದೊಯ್ಯಲು ನನ್ನ ಬಳಿ ಇದ್ದದ್ದು ಆ ಕಾರು!

ಆ ದಿನ ಬೆಳಿಗ್ಗೆ ಕದರಮಂಡಲಗಿಯ ಮೇಲಿಂದ ಬ್ಯಾಡಗಿ ಮುಟ್ಟಿದೆ. ಕಾರು ಹೂವಿನಂತೆ ಬಂದಿತ್ತು. ಅತ್ತೆ ಕೈಚೀಲ, ಕೊಡೆ ಹಿಡಿದು ಕೂತಳು. ನಾನು ಕೀಲಿ ತಿರುಗಿಸಿದೆ. ಕಟಕ್ ಅಂದಿತು, ಅಷ್ಟೇ. ಇನ್ನೊಮ್ಮೆ ತಿರುಗಿಸಿದೆ. ಕಟಕ್. ಅತ್ತೆ ಇಳಿದು ಮನೆಯೊಳಗೆ ಹೋದಳು. ಮುಗಿಯಿತು, ಬಾಗಿಲಲ್ಲೇ ಅಪಶಕುನವಾಯಿತು ಎಂದು ನಾನು ಸ್ಟೀರಿಂಗಿನ ಮೇಲೆ ಹಣೆಯಿಟ್ಟೆ. ಅವಳು ಹೊರಬಂದಾಗ ಕೈಯಲ್ಲಿ ಒಂದು ಚರಿಗೆ ಬಿಸಿನೀರು, ಒಂದು ಇಕ್ಕಳ ಇದ್ದವು.

"ಬಾನೆಟ್ ಎತ್ತು."

ಬ್ಯಾಟರಿಯ ತುದಿಗಳ ಮೇಲೆ ಬೆಳ್ಳಗೆ ಉಪ್ಪಿನಂಥದ್ದು ಕಟ್ಟಿಕೊಂಡಿತ್ತು. "ಮಾಸ್ತರಾ, ನಿನ್ನ ಗಾಡಿ ಹಲ್ಲ ತಿಕ್ಕಿಲ್ಲ ನೋಡು," ಅಂದಳು. ತಂತಿ ಬಿಚ್ಚಿ, ಬಿಸಿನೀರು ಹಾಕಿ, ಒರೆಸಿ, ಕೆರೆದು, ಮತ್ತೆ ಬಿಗಿ ಮಾಡಿದಳು. ಕಾರು ಶುರುವಾಯಿತು. ಶಕುನದ ಮಾತು ಅವಳೂ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ.

ಮೋಟೆಬೆನ್ನೂರು ದಾಟಿ ಹೆದ್ದಾರಿಗೆ ಬಿದ್ದೆವು. ಎಲ್ಲಿ ನೋಡಿದರೂ ಜಲ್ಲಿಯ ಗುಡ್ಡೆ, ಡಾಂಬರಿನ ಡ್ರಮ್ಮು, ಧೂಳು. ಹಾವೇರಿಯ ರಿಜಿಸ್ಟ್ರಾರ್ ಸಾಹೇಬರು ಒಂದು ಗಂಟೆಗೆ ಬೇರೆ ಊರಿಗೆ ಹೊರಡುವವರಿದ್ದರು. ಹನ್ನೊಂದರ ಸುಮಾರಿಗೆ ಕಾರಿನ ಮೂತಿಯಿಂದ ಹಬೆ ಬುಸುಗುಟ್ಟಿತು. ರಸ್ತೆಯ ಪಕ್ಕದ ಬೇವಿನ ಮರದಡಿ ನಿಲ್ಲಿಸಿ, ಕೈಗೆ ಕರವಸ್ತ್ರ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತೆಗೆಯಹೋದೆ. ಹಾಗೆ ಮಾಡಬಾರದೆಂದು ನನ್ನ ಪುಸ್ತಕದಲ್ಲೇ ದಪ್ಪಕ್ಷರದಲ್ಲಿತ್ತು. ಆದರೆ ಓದಿದ್ದು ಪರೀಕ್ಷೆಯ ಕೋಣೆಯಲ್ಲಿ ಯಾರಿಗೆ ನೆನಪಿರುತ್ತದೆ? ಅತ್ತೆಯ ಕೊಡೆ ನನ್ನ ಮಣಿಕಟ್ಟಿಗೆ ಬಿತ್ತು.

"ಕುದಿಯೂ ಕುಕ್ಕರಿನ ಮುಚ್ಚಳ ಹಂಗ ತಗೀತಿಯೇನೋ? ಮಾರಿ ಸುಟಗೊಂಡಿ ಅಂದ್ರ ನಿನ್ನ ಹೇಣ್ತಿಗೆ ನಾ ಏನ ಹೇಳ್ಲಿ? ಆರೂ ತನಕ ಸುಮ್ಮನ ಕುಂದರು."

ಕುಳಿತೆವು. ಅಷ್ಟರಲ್ಲಿ ಹಾವೇರಿ ಕಡೆಯಿಂದ ಬ್ಯಾಡಗಿಯ ಬಸ್ಸು ಬಂತು. ನಮ್ಮನ್ನು ನೋಡಿ ನಿಧಾನ ಮಾಡಿತು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಕೂಗಿದ: "ಬ್ಯಾಡಗಿ, ಬ್ಯಾಡಗಿ! ಬರ್ತೀರೇನ್ರಿ ಅವ್ವಾರ?"

ಅತ್ತೆ ಬಸ್ಸನ್ನು ನೋಡಿದಳು. ಕಾರನ್ನು ನೋಡಿದಳು. ಇದಕ್ಕಿಂತ ದೊಡ್ಡ ಅಡ್ಡಿಯನ್ನು ಯಾವ ದೇವರು ಕಳಿಸಿಯಾನು?

"ಹೋಗ್ರಿ ಹೋಗ್ರಿ!" ಎಂದು ಕಂಡಕ್ಟರನಿಗೆ ಕೈ ಬೀಸಿದಳು. "ಗಾಡಿ ನಿಂತೈತಿ, ಕಾಣ್ಸಾಂಗಿಲ್ಲೇನು? ಕೆಟ್ಟ ನಿಂತ ಮಷೀನ ಬಿಟ್ಟ ಬರಾಕ ಆಗ್ತೈತೇನು?"

ಎಂಜಿನ್ ಆರಿದ ಮೇಲೆ ಬಗ್ಗಿ ನೋಡಿದಳು. ರೇಡಿಯೇಟರಿನ ಕೆಳಗೆ ಸೂಜಿಯಂಥ ತೂತು, ಹನಿ ಹನಿ ನೀರು. "ಸಣ್ಣದೈತಿ. ಅರಿಷಿಣ ಹಾಕಿದ್ರ ಸದ್ಯಕ್ಕ ಕಟ್ಟತೈತಿ. ಮೊದಲ ಗಿರಣ್ಯಾಗ ಡೀಸೆಲ್ ಇಂಜಿನ್ ಇದ್ದಾಗ ನಾ ಹಾಕೇನಿ."

"ಈ ಅಡವ್ಯಾಗ ಅರಿಷಿಣ ಎಲ್ಲಿಂದ ತರೂದು ಅತ್ತಿ?" ಅಂದೆ.

ಅತ್ತೆ ಕೈಚೀಲದ ಬಾಯಿ ಬಿಚ್ಚಿ ಒಂದೊಂದೇ ಹೊರಗಿಟ್ಟಳು. ಹಸಿರು ಕುಪ್ಪಸದ ಖಣ. ಒಣಕೊಬ್ಬರಿಯ ಬಟ್ಟಲು. ಉತ್ತತ್ತಿ. ಒಂದು ಡಜನ್ ಬಳೆ. ಅವುಗಳ ಕೆಳಗೆ, ಅರಿಶಿನದ ಪೊಟ್ಟಣ. ಬರೀ ಸಹಿ ಹಾಕಿ ಬರುವೆನೆಂದವಳು ಮಗಳ ಉಡಿ ತುಂಬುವ ಸಾಮಾನೆಲ್ಲ ಕಟ್ಟಿಕೊಂಡು ಬಂದಿದ್ದಳು. ನಾನು ಅವಳ ಮುಖ ನೋಡಿದೆ.

"ಏನ ನೋಡ್ತಿ? ನೀರ ತಾ, ಲಗೂ."

ರಸ್ತೆ ಕೆಲಸದವರ ನೀರಿನ ಡ್ರಮ್ಮಿನಿಂದ ಅವರದೇ ಕೊಡ ತುಂಬಿಸಿ ತಂದೆ. ಅವಳು ನೀರು ಹಾಕಿ, ಮೇಲಿಂದ ಅರಿಶಿನ ಸುರಿದಳು. ಮುಕ್ಕಾಲು ಪೊಟ್ಟಣ ಖಾಲಿಯಾದಾಗ ಕೈ ತಡೆದು, ಉಳಿದದ್ದನ್ನು ಮಡಚಿದಳು. "ಗಾಡಿಗೆ ಇಷ್ಟ ಸಾಕು. ಇದು ಅಕಿಗೆ ಇರಲಿ."

ತೂತು ಕಟ್ಟಿತು. ಇನ್ನು ನನ್ನ ಪುಸ್ತಕದ ಪಾಲಿನ ಸಲಹೆ: ಕಾರಿನೊಳಗಿನ ಹೀಟರ್ ಹಾಕಿದರೆ ಎಂಜಿನ್ನಿನ ಕಾವು ಇಳಿಯುತ್ತದೆ. ಬೇಸಿಗೆಯ ಆ ಬಿಸಿಲಿನಲ್ಲಿ ಹೀಟರ್ ಹಾಕಿಕೊಂಡು ಹೊರಟೆವು. ಎಂಜಿನ್ ತಂಪಾಯಿತು, ಒಳಗಿದ್ದವರು ಬೆಂದೆವು. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಅತ್ತೆ ಎರಡು ವರ್ಷಗಳಲ್ಲಿ ಮೊದಲ ಸಲ ಕೇಳಿದಳು, "ಆ ಹುಡುಗ ಹೆಂಗದಾನ?"

"ಛಲೋ ಅದಾನ ಅತ್ತಿ."

"ಬಾಯಿ ಬಿಟ್ಟು ಮಾತಾಡ್ತಾನಿಲ್ಲ? ಸಪ್ಪಳ ಮಾಡಲಾರದ ಮಷೀನ ನಾ ನಂಬೂದಿಲ್ಲ."

ಒಂದಕ್ಕೆ ಹತ್ತು ನಿಮಿಷವಿದ್ದಾಗ ಕಚೇರಿಯ ಗೇಟಿನ ಮುಂದೆ ಕಾರು ಎರಡು ಸಲ ಎಗರಿ ಪ್ರಾಣ ಬಿಟ್ಟಿತು. ನಾನು ಅಭ್ಯಾಸಬಲದಿಂದ ಬಾನೆಟ್ಟಿನ ಕಡೆ ಹೊರಟೆ. ಅತ್ತೆ ನನ್ನ ರಟ್ಟೆ ಹಿಡಿದು ಎಳೆದಳು. "ಬಿಡೋ ಅದನ್ನ! ಸತ್ರ ಸಾಯ್ಲಿ. ಅಲ್ಲಿ ನನ್ನ ಮಗಳು ಕಾಯಾಕತ್ತಾಳ."

ಒಳಗೆ ಹೋದರೆ ಗುಮಾಸ್ತರು ಎಂಜಿನ್ನಿನ ಮಸಿ ಹತ್ತಿದ ಅವಳ ಕರಿ ಬೆರಳುಗಳನ್ನು ನೋಡಿ ರಿಜಿಸ್ಟರನ್ನೇ ಹಿಂದಕ್ಕೆಳೆದುಕೊಂಡರು. "ಪುಸ್ತಕ ಹೊಲಸಾಗ್ತದ್ರಿ." ಪ್ರಕಾಶ ಓಡಿಬಂದು, ಜೇಬಿನ ಹೊಸ ಬಿಳಿ ಕರವಸ್ತ್ರ ತೆಗೆದು ಅತ್ತೆಯ ಕೈ ಒರೆಸಲು ಹೋದ. ಅತ್ತೆ ಕಸಿದುಕೊಂಡಳು. "ಖಬರೈತೇನು? ಹೊಸಾದು ಹಾಳ ಮಾಡ್ಕೋತಿ!" ಎಂದು ಬೈದು, ತನ್ನ ಸೆರಗಿಗೆ ಕೈ ಒರೆಸಿಕೊಂಡಳು. ಅಳಿಯನಿಗೆ ಆಡಿದ ಮೊದಲ ಮಾತು ಅದು. ಪ್ರಕಾಶನ ಮುಖ ಬಾಡಿತು. ರೇಖಾ ಮಾತ್ರ ಅಳುತ್ತ ನಗುತ್ತಿದ್ದಳು. ನಮ್ಮ ಮನೆತನದಲ್ಲಿ ಹೊರಗಿನವರನ್ನು ಯಾರೂ ಬೈಯುವುದಿಲ್ಲ.

ಸಹಿಯಾದ ಮೇಲೆ ವರಾಂಡದಲ್ಲಿ ರೇಖಾ ಸೆರಗೊಡ್ಡಿ ನಿಂತಳು. ಅತ್ತೆ ಹಿಂದೆ ಸರಿದಳು. "ನಾ ತುಂಬೂದು ಬ್ಯಾಡವಾ. ಯಾರರ ಮುತ್ತೈದಿನ್ನ ಕರಿ."

"ನೀನ ತುಂಬಬೇಕು. ಇಲ್ಲಂದ್ರ ಸಂಜೀತನಕ ಹಿಂಗ ನಿಂದರ್ತೇನಿ," ಅಂದಳು ಮಗಳು.

ತಾಯಿಯ ಹಟ ಮಗಳಿಗೆ ಬಂದಿತ್ತು. ಅತ್ತೆ ಉಡಿ ತುಂಬಿದಳು, ಉಳಿಸಿಕೊಂಡು ಬಂದ ಅರಿಶಿನ ಹಚ್ಚಿದಳು. ಎಂಜಿನ್ನಿನ ಮಸಿ ಬೆರೆತು ರೇಖಾಳ ಕೆನ್ನೆಯ ಮೇಲೆ ಹಸಿರೋ ಕಪ್ಪೋ ತಿಳಿಯದ ಪಟ್ಟೆ ಮೂಡಿತು. ಅದನ್ನು ಒರೆಸಿಕೊಳ್ಳದೆಯೇ ಅವಳು ಫೋಟೋ ತೆಗೆಸಿಕೊಂಡಳು.

ನೆಗಡಿ ಇಳಿದ ಮೇಲೆ, ಮೊನ್ನೆ ಭಾನುವಾರ, ಹಾವೇರಿಗೆ ಹೋಗಿಬಂದೆ. ಗಿರಣಿ ಬೇರೆಯವರಿಗೆ ಕೊಟ್ಟು ಅತ್ತೆ ಈಗ ಮಗಳು ಅಳಿಯನ ಜೊತೆಗಿದ್ದಾಳೆ, ಎಪ್ಪತ್ತು ದಾಟಿದೆ. ಗಿರಣಿಯ ಮೋಟಾರಿನಿಂದ ನನ್ನ ಗಾಡಿಯತನಕ ಎಲ್ಲ ರಿಪೇರಿ ಮಾಡಿದ ಅವಳು ಒಮ್ಮೆಯೂ ಕಾರು ಓಡಿಸಿಲ್ಲವೆಂಬುದು ನನಗೆ ಹೊಳೆದದ್ದೇ ಈಗ. ಓಡಿಸಿ ನೋಡುತ್ತೀಯಾ ಎಂದು ಅನುಮಾನಿಸುತ್ತಲೇ ಕೇಳಿದೆ. ಅವಳು ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದಳು. ಊರಾಚೆಯ ಖಾಲಿ ಮೈದಾನದಲ್ಲಿ ನನ್ನ ಈಗಿನ ಕಾರಿನ ಕೀಲಿ ಅವಳ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು, ಬ್ರೇಕು, ಕ್ಲಚ್ಚು ಎಂದು ನಾನು ಪಾಠ ಶುರುಮಾಡಿದೆ. ನಡೆಯುವವರ ವೇಗದಲ್ಲಿ ಒಂದು ಸುತ್ತು ಹೊಡೆದು, ತಾನಾಗಿಯೇ ನಿಲ್ಲಿಸಿ, ನನ್ನ ಕಡೆ ತಿರುಗಿದಳು.

"ಮಾಸ್ತರಾ, ನೀ ಬಾಳ ಮಾತಾಡ್ತಿ. ಹಿಂದ ಹೋಗಿ ಕುಂದರು."

ನಾನು ಇಳಿದು ಹಿಂದಿನ ಸೀಟಿಗೆ ಹೋಗಿ ಕೂತೆ.