ಕಾಕಾ ಹಚ್ಚಿದ ನೌಕರಿ

ಹೋದ ವಾರ ಹುನಗುಂದದಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಕುಳಿತಿದ್ದೆ. ಎಲೆಗೆ ಬಿದ್ದ ಗೋದಿಯ ಸಿಹಿ ಮಾದಲಿಯ ಮೇಲೆ ಬಿಸಿ ತುಪ್ಪ ಸುರಿದರು ನೋಡಿ, ಏಲಕ್ಕಿ ಘಮ್ಮೆಂದಿತು. ಬೇರೆಯವರಿಗೆ ಬಾಯಲ್ಲಿ ನೀರೂರುವ ಹೊತ್ತದು. ನನಗೆ ನೆನಪಾದದ್ದು ನನ್ನ ನಿರುದ್ಯೋಗ.

ಬಾಗಲಕೋಟೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಒಳ್ಳೆಯ ಅಂಕಗಳನ್ನೂ ಪಡೆದು, ಮನೆಯಲ್ಲಿ ಕುಳಿತಿದ್ದ ಕಾಲವೊಂದಿತ್ತು. ಅರ್ಜಿ ಹಾಕಿದಲ್ಲೆಲ್ಲ ಅನುಭವ ಕೇಳುತ್ತಿದ್ದರು. ಆ ಅನುಭವ ಎಲ್ಲಿ ಸಿಗುತ್ತದೆಂದು ಯಾರೂ ಹೇಳುತ್ತಿರಲಿಲ್ಲ. ಆದರೆ ನಮ್ಮ ಕಡೆ ಓದಿ ಖಾಲಿ ಕುಳಿತವನಿಗೆ ಒಂದು ಹುದ್ದೆ ತಾನಾಗಿಯೇ ಒದಗಿ ಬರುತ್ತದೆ. ಮನೆತನದ ಪರವಾಗಿ ಮದುವೆ, ತೊಟ್ಟಿಲು, ಕುಬಸಗಳಿಗೆಲ್ಲ ಹೋಗಿ ಉಂಡು ಬರುವುದು. "ನೀ ಹೆಂಗೂ ಖಾಲಿ ಅದೀಯಲ್ಲ, ಹೋಗಿ ಬಾ" ಎಂದು ಅವ್ವ ಉಡುಗೊರೆಗೆಂದು ಒಂದು ಖಣವನ್ನು ಚೀಲಕ್ಕೆ ಹಾಕಿ ಕಳಿಸುತ್ತಿದ್ದಳು. ಬಾದಾಮಿಯಿಂದ ಇಳಕಲ್ಲಿನವರೆಗೆ ಬಡಿಸುವವರು ನನ್ನನ್ನು ಹೆಸರು ಹಿಡಿದು ಕರೆಯುವಂತಾಯಿತು. ಅರ್ಜಿಯಲ್ಲಿ ಈ ಅನುಭವವನ್ನು ತೋರಿಸಲು ಜಾಗವಿರಲಿಲ್ಲ, ಅಷ್ಟೇ.

ಜೊತೆಗೆ ಕಾಕಾ ಬರುತ್ತಿದ್ದರು. ಅಪ್ಪನ ತಮ್ಮ, ನಿವೃತ್ತ ಸಾಲಿ ಮಾಸ್ತರು. ಸುಳ್ಳು ಹೇಳಬಾರದೆಂದು ಊರಿನ ಮಕ್ಕಳಿಗೆಲ್ಲ ಕಲಿಸಿದ ಮನುಷ್ಯ. ಪಂಕ್ತಿಯಲ್ಲಿ ಯಾರಾದರೂ "ಈ ತಮ್ಮ ಏನ್ ಮಾಡ್ತಾನ್ರಿ ಮಾಸ್ತರ?" ಎಂದರೆ ಸಾಕು, ನಾನು ಬಾಯಿ ತೆರೆಯುವ ಮೊದಲೇ, "ಹುಬ್ಬಳ್ಯಾಗ ನೌಕರಿ ಹತ್ತೈತ್ರಿ, ಕಂಪನ್ಯಾಗ" ಎಂದುಬಿಡುವರು. ಆ ಕಂಪನಿಗೆ ಹೆಸರಿರಲಿಲ್ಲ. ಆದರೂ ಮದುವೆಯಿಂದ ಮದುವೆಗೆ ನನಗೆ ಬಡ್ತಿ ಸಿಗುತ್ತಿತ್ತು. ಇಳಕಲ್ಲಿನ ಒಂದು ತೊಟ್ಟಿಲ ಕಾರ್ಯದ ಹೊತ್ತಿಗೆ ನನ್ನ ಕೈಕೆಳಗೆ ಜನ ದುಡಿಯುತ್ತಿದ್ದರು.

"ಕಾಕಾ, ಯಾಕ ಹಂಗ ಹೇಳ್ತೀರಿ?" ಎಂದು ಕೇಳಿದರೆ, "ಇವತ್ತಿಲ್ಲ ನಾಳೆ ಹತ್ತs ಹತ್ತತೈತಿ. ನಾ ಒಂದೀಟು ಮೊದ್ಲ ಹೇಳೇನಿ, ಅಷ್ಟ" ಎನ್ನುವರು.

ಇಳಕಲ್ಲಿನಲ್ಲಿ ಗ್ರಾನೈಟ್ ಕೊಯ್ದು ಪಾಲಿಶ್ ಮಾಡುವ ಕಾರ್ಖಾನೆಯ ಸಾವಕಾರರೊಬ್ಬರು ನಮಗೆ ದೂರದ ಬೀಗರು. ಒಂದು ಮದುವೆಯಲ್ಲಿ ಅವರು ನಮ್ಮ ಪಕ್ಕದಲ್ಲೇ ಉಣ್ಣುತ್ತ, "ಮಷಿನ್ ನೋಡ್ಕೊಳ್ಳಾಕ ಒಬ್ಬ ಎಂಜಿನಿಯರ್ ಬೇಕಾಗಿದ್ದ ನೋಡೋ ತಮ್ಮಾ. ಮೊದ್ಲ ನಿಂದs ನೆನಪಾತು. ಹುಬ್ಬಳ್ಯಾಗ ಅಷ್ಟು ದೊಡ್ಡ ಹುದ್ದೇದಾಗ ಇದ್ದಾವ ನಮ್ಮ ಧೂಳಾಗ ಯಾಕ ಬರ್ತಾನಂತ ಬ್ಯಾರೆದಾವನ್ನ ತಗೊಂಡ್ನಿ" ಎಂದರು.

ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದೆ. "ನನಗ ನೌಕರಿ ಇಲ್ಲರಿ, ಸಾವಕಾರ್ರ. ಎಂದೂ ಇದ್ದಿದ್ದಿಲ್ಲ" ಎಂದೆ. ಕಾಕಾ ಎಲೆಯಿಂದ ತಲೆ ಎತ್ತಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವರೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಅಷ್ಟು ಸಿಟ್ಟು ಬಂದಿತ್ತು. ಮನೆತನದ ಮರ್ಯಾದೆ ಕಾಯಲು ಹೋಗಿ ನನ್ನ ಅನ್ನಕ್ಕೇ ಕಲ್ಲು ಹಾಕಿದರಲ್ಲ ಎಂದು.

ಮಳೆಗಾಲ ಮುಗಿದ ಮೇಲೆ ಕಾರ್ಖಾನೆಗೆ ಇನ್ನೊಂದು ಮಷಿನ್ ಬಂತು. ಸಾವಕಾರರು ನೆನಪಿಟ್ಟು ಹೇಳಿ ಕಳಿಸಿದರು. ಇಂದಿಗೂ ಅಲ್ಲೇ ಇದ್ದೇನೆ. ಕೆಲಸ ಸಿಕ್ಕ ದಿನ ಕಾಕಾ ಪೇಢೆ ತಂದರು. ಆಮೇಲೆ ಪೊಟ್ಟಣ ಹಿಡಿದು ಬಾಗಿಲಲ್ಲೇ ನಿಂತರು. ಹಂಚುವುದು ಯಾರಿಗೆ? ಜಿಲ್ಲೆಯ ಪಾಲಿಗೆ ನಾನು ಹಳೆಯ ನೌಕರ. ಕೊನೆಗೆ ನಾವಿಬ್ಬರೇ ಕಟ್ಟೆಯ ಮೇಲೆ ಕುಳಿತು ಅಷ್ಟನ್ನೂ ತಿಂದೆವು.

ಕಾಕಾ ಈಗಿಲ್ಲ. ಅವರ ಮರ್ಯಾದೆಯ ಹುಚ್ಚನ್ನು ಇಷ್ಟು ವರ್ಷ ನಗೆಚಾಟಿಕೆಯ ಹಾಗೆ ಹೇಳಿಕೊಂಡು ಬಂದವನು ನಾನು.

ಹೋದ ವಾರ ನನ್ನ ಎಡಕ್ಕೆ ಮಗಳು ಅಕ್ಷತಾ ಕುಳಿತಿದ್ದಳು. ಎಲೆಕ್ಟ್ರಾನಿಕ್ಸ್ ಓದಿ ಮುಗಿಸಿದ್ದಾಳೆ. ಅರ್ಜಿ ಹಾಕುತ್ತಲೇ ಇದ್ದಾಳೆ, ಕೆಲಸ ಸಿಕ್ಕಿಲ್ಲ. ಬಲಕ್ಕೆ ಬಾದಾಮಿಯ ನನ್ನ ಹಳೆಯ ಗೆಳೆಯ. ಮಗನಿಗೆ ಪುಣೆಯಲ್ಲಿ ನೌಕರಿ ಸಿಕ್ಕಿತೆಂದು ಹೇಳಿ ಮುಗಿಸಿ, "ನಿನ್ನ ಮಗಳು ಏನ್ ಮಾಡ್ತಾಳಲೇ?" ಎಂದ.

ನಾನು ಮಗಳ ಕಡೆ ತಿರುಗಿದೆ. ಅವಳ ಕೈ ಎಲೆಯ ಮೇಲೆ ನಿಂತಿತ್ತು. ಮುಖ ಬಾಡಿ ತಲೆ ತಗ್ಗಿತ್ತು.

"ಬೆಳಗಾವ್ಯಾಗ ನೌಕರಿ ಹತ್ತೈತಲೇ, ಕಂಪನ್ಯಾಗ" ಎಂದೆ.

ಎಂದ ಮೇಲೆ ತಿಳಿಯಿತು. ಕಾಕಾ ಕಾದದ್ದು ಮನೆತನದ ಮರ್ಯಾದೆಯನ್ನಲ್ಲ. ಪ್ರತಿ ಪಂಕ್ತಿಯಲ್ಲೂ ಅವರು ಹೀಗೆಯೇ ನನ್ನ ಕಡೆ ತಿರುಗಿ ನೋಡಿರಬೇಕು. ಬಸ್ಸಿನಲ್ಲಿ ಒಂದು ಮಾತಾದರೂ ಆಡಬೇಕಿತ್ತು ಅನಿಸಿ ಕಣ್ಣು ತುಂಬಿದವು.

ಅಕ್ಷತಾ ತಲೆ ಎತ್ತಿದಳು. "ಇಲ್ಲರಿ, ಇನ್ನೂ ಹುಡುಕಾಕತ್ತೇನಿ. ಎಲ್ಲೆರ ಇದ್ರ ಹೇಳ್ರಿ."

ಗೆಳೆಯ ಬಹಳ ಹೊತ್ತು ಅನ್ನ ಕಲಸಿದ. ಆಮೇಲೆ ಮೆಲ್ಲಗೆ, "ನಮ್ಮ ಹುಡುಗನೂ ಮನ್ಯಾಗs ಅದಾನವಾ. ಪುಣೆ ಅಂತ ನಾನs ಹೇಳ್ಕೊಂತ ಬಂದೇನಿ" ಎಂದ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಉಂಡೆವು. ಮಗಳು ಕೈ ತೊಳೆದು ಬಂದು ಅವನ ಮಗನ ಫೋನ್ ನಂಬರ್ ಕೇಳಿದಳು.

"ಯಾಕವಾ?" ಎಂದ.

"ಇಬ್ಬರೂ ಕೂಡಿ ಹುಡುಕ್ತೇವ್ರಿ. ನಿಮ್ಮನ್ನ ನಂಬಿ ಕುಂತ್ರ ನಮಗ ಖರೇ ನೌಕರಿ ಹತ್ತೂದಿಲ್ಲ."