ಪುಟ್ಟಿಗೆ ಬಿದ್ದ ಚುಚ್ಚುಮದ್ದು

ತಂಗಿ ಪುಟ್ಟಿ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಬಟ್ಟೆ ಹೊಂದಿಸುತ್ತಿದ್ದರೆ ಅಕ್ಕನಿಗೆ ಮೈಯೆಲ್ಲ ಉರಿ. ಇಬ್ಬರದೂ ಒಂದೇ ಹೊಲಿಗೆ ಅಂಗಡಿ. ಮೊದಲು ಅಕ್ಕನೂ ಹಾಗೇ ಕಚ್ಚಿಕೊಳ್ಳುತ್ತಿದ್ದಳು, ಇಬ್ಬರಿಗೂ ಒಂದೇ ಸೂಜಿಡಬ್ಬಿ. ಬಸುರಿನ ತಪಾಸಣೆಯಲ್ಲಿ ಅಕ್ಕನಿಗೆ ಹೆಪಟೈಟಿಸ್ ಬಿ, ರಕ್ತದಿಂದ ಹರಡುವ ಸೋಂಕು, ಇದೆ ಎಂದು ತಿಳಿದ ಮೇಲೆ ಅವಳ ಡಬ್ಬಿ ಬೇರೆಯಾಯಿತು.

ಪುಟ್ಟಿಯ ರಕ್ತವನ್ನೂ ನೋಡಿದರು. ಏನೂ ಇಲ್ಲ! ಅಕ್ಕ ಹುಟ್ಟಿದ್ದು ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಪುಟ್ಟಿ ಹುಟ್ಟಿದ್ದು ಆಸ್ಪತ್ರೆಯಲ್ಲಿ, ಅಂದೇ ಅದನ್ನು ತಡೆಯುವ ಚುಚ್ಚುಮದ್ದು ಬಿದ್ದಿತ್ತು. ಅಕ್ಕನಿಗೆ ಹುಟ್ಟುವಾಗ ಅಮ್ಮನಿಂದಲೇ ಬಂದಿರಬಹುದು ಎಂದರು ಡಾಕ್ಟರಮ್ಮ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎಂದರೆ ಇದೇ ಅಲ್ಲವೇ? ತೀರಿಕೊಂಡ ಅಮ್ಮನ ಹತ್ತಿರ ಜಗಳವಾಡುವುದಾದರೂ ಹೇಗೆ! ಸಿಟ್ಟೆಲ್ಲ ಪುಟ್ಟಿಯ ಮೇಲೆ ತಿರುಗಿತು.

ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಹುಟ್ಟಿದ ಕೂಡಲೇ ಮಗುವಿಗೆ ಚುಚ್ಚುಮದ್ದು ಹಾಕಬೇಕು, ಗಂಡನನ್ನೂ ಪರೀಕ್ಷಿಸಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಗಂಡನಿಗೆ ತಿಳಿದರೆ ಮನೆಯಿಂದಾಚೆ ಹಾಕಿಯಾನು ಎಂದು ಅಕ್ಕನಿಗೆ ಜೀವಭಯ. ಅದಕ್ಕೇ, ಯಾರಿಗೂ ಗೊತ್ತಾಗದ ಹಾಗೆ ಸೂಲಗಿತ್ತಿಯ ಕೈಯಲ್ಲೇ ಹೆರುತ್ತೇನೆ ಎಂದು ಹಟ ಹಿಡಿದಿದ್ದಳು.

"ಭಾವಂಗೆ ಹೇಳ್ಬಿಡೇ ಅಕ್ಕಾ," ಎಂದಳು ಪುಟ್ಟಿ.

"ನಿಂಗೇನೇ? ದಡದ ಮೇಲೆ ನಿಂತವಳು! ಹುಟ್ಟುವಾಗ್ಲೇ ಪುಣ್ಯ ಕಟ್ಕೊಂಡು ಬಂದಿದೀಯಾ!"

ಪುಟ್ಟಿ ಬಾಯಿಂದ ಸೂಜಿಗಳನ್ನು ತೆಗೆದಳು. "ನಾನೇನ್ ಕೇಳಿ ಹಾಕಿಸ್ಕೊಂಡ್ನಾ? ಯಾರೋ ಚುಚ್ಚಿದ್ರು, ಕಿರುಚ್ಕೊಂಡೆ, ಅಷ್ಟೇ. ನೀನು ಹಾಕಿಸ್ದೇ ಇದ್ರೆ, ನಾಳೆ ನಿನ್ನ ಕೂಸು ಯಾರನ್ನ ನೋಡಿ ಹೊಟ್ಟೆ ಉರ್ಕೋಬೇಕು? ನನ್ನ ಮಕ್ಕಳನ್ನಾ?"

ಅಕ್ಕ ಕತ್ತರಿ ಕೆಳಗಿಟ್ಟಳು. ತಾನು ಪಡುತ್ತಿರುವ ಈ ಹಾಳು ಸಂಕಟ ಹೊಟ್ಟೆಯಲ್ಲಿರುವುದಕ್ಕೂ ಬೇಕೇ?

ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಗಂಡ ಅಂಗಡಿಗೆ ಬಂದ. ಅವನು ಕೂರುವ ಮೊದಲೇ ಎಲ್ಲ ಹೇಳಿಬಿಟ್ಟಳು. ಅವನ ಮುಖ ಸಪ್ಪಗಾಯಿತು.

"ನಂಗೂ ಬಂದಿದ್ಯಾ?" ಎಂದ.

"ಗೊತ್ತಿಲ್ಲ. ನೋಡಿಸ್ಬೇಕಂತೆ."

ಊಟದ ಡಬ್ಬಿಯನ್ನು ಪಕ್ಕಕ್ಕಿಟ್ಟು, "ಮಗೂಗೆ?" ಎಂದ.

"ಹುಟ್ಟಿದ ತಕ್ಷಣ ಚುಚ್ಚಿಸಿದ್ರೆ ಬರೋದು ಕಡಿಮೆಯಂತೆ. ನಂಗೂ ಮಾತ್ರೆ ಬೇಕಾಗ್ಬಹುದಂತೆ."

"ಮತ್ತೆ ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ಯಲ್ಲೇ, ಮಾರಾಯ್ತಿ! ಏಳು, ಆಸ್ಪತ್ರೆಗೆ ಹೋಗೋಣ." ಅವನ ದನಿಯಲ್ಲಿ ಸಿಟ್ಟಿತ್ತು, ಆದರೂ ಅವಳ ಚಪ್ಪಲಿಯನ್ನು ಕಾಲಿನಿಂದ ಅವಳತ್ತಲೇ ಸರಿಸಿದ.

ಅಲ್ಲಿಗೆ ಅಕ್ಕನ ಹೊಟ್ಟೆಕಿಚ್ಚು ಆರಿತು ಅಂದುಕೊಂಡಿರಾ? ಎಲ್ಲಿ ಬಂತು! ಈ ಕೂಸಿಗೆ ಹುಟ್ಟುತ್ತಲೇ ಮದ್ದು, ಬಾಗಿಲಲ್ಲಿ ಕಾಯುವ ಅಪ್ಪ, ಅದರ ಪರವಾಗಿ ಬಡಿದಾಡುವ ಚಿಕ್ಕಮ್ಮ. ತನಗೆ ಇದರಲ್ಲಿ ಒಂದಾದರೂ ಇತ್ತೇ? ಕಣ್ಣು ತುಂಬಿಕೊಂಡು ಹೊಟ್ಟೆ ಸವರಿದಳು.

"ಅದೃಷ್ಟವಂತ ಮುಂಡೇದು," ಎಂದು ಬೈದಳು.